ದಾನಮ್ಮ ಹೇಳಿಕೊಟ್ಟ ಪಾಠ

"ಲಗ್ಗೆರೆ, ಮೂರನೇ ಕ್ರಾಸು, ನೀರಿನ ಟ್ಯಾಂಕ್ ಎದುರಿಗೆ ರೀ," ಎಂದು ಮರೆಪ್ಪ ಪಟಪಟನೆ ಹೇಳಿದ. ವಯಸ್ಸೆಷ್ಟು, ಮಕ್ಕಳೆಷ್ಟು ಎಂದು ಕೇಳಿದ್ದಕ್ಕೂ ಹಾಗೆಯೇ ಹೇಳಿದ. ಪರಿಹಾರದ ಅರ್ಜಿ ಮುಂದಿಟ್ಟುಕೊಂಡಿದ್ದ ಡಾಕ್ಟರು ನಕ್ಕರು. "ಫ್ಯಾಕ್ಟರಿಲಿ ಕ್ರೇನ್ ಹುಕ್ಕು ತಲೆಗೆ ಬಡೀತು ಅಂತೀರ. ಚೆನ್ನಾಗೇ ಇದಾರಲ್ಲಮ್ಮ! ಕೆಲಸಕ್ಕೆ ಹೋಗಬಹುದು ಅಂತ ಬರೀತೀನಿ."

ಪಕ್ಕದಲ್ಲಿ ನಿಂತಿದ್ದ ಹೆಂಡತಿ ದಾನಮ್ಮ ಮೇಜಿನ ಹತ್ತಿರ ಬಂದಳು. "ಅದೆಲ್ಲಾ ನಾ ಆರು ತಿಂಗಳಿಂದ ಬಾಯಿಪಾಠ ಮಾಡಿಸಿದ್ದು ರೀ ಸಾಹೇಬ್ರ. ಗ್ಯಾಸ್ ಹಚ್ಚಿದ್ರ ಆರಿಸೋದು ಗೊತ್ತಾಗಂಗಿಲ್ಲ. ಹಂಗ ಬರೀಬ್ಯಾಡ್ರಿ, ಪರಿಹಾರ ಬರಂಗಿಲ್ಲ."

"ಎಲ್ಲರೂ ಹೀಗೇ ಹೇಳ್ತಾರಮ್ಮ," ಎನ್ನುತ್ತ ಡಾಕ್ಟರು ಪೆನ್ನು ತೆಗೆದರು. "ಹೆಸರು ಹೇಳಿಬಿಡಿ, ಮುಗೀತು."

"ನೀಲಾನ ಅಪ್ಪ."

"ಮಗಳ ಹೆಸರಲ್ಲಪ್ಪ. ನಿಮ್ಮ ಹೆಸರು?"

"ನೀಲಾನ ಅಪ್ಪ ರೀ," ಎಂದ ಮರೆಪ್ಪ, ಸರಿಯಾಯಿತೇ ಎಂಬಂತೆ ಹೆಂಡತಿಯ ಮುಖ ನೋಡಿದ. ಪಾಠದಲ್ಲಿ ಅದೊಂದನ್ನು ಅವಳು ಹೇಳಿಕೊಟ್ಟಿರಲಿಲ್ಲ. ಮದುವೆಯಾದಾಗಿನಿಂದ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳೇ ಅಲ್ಲ ಅವಳು.

"ಮರೆಪ್ಪಾ," ಎಂದು ದಾನಮ್ಮ ಮೊದಲ ಸಲ ಕರೆದಳು.

ಯಾರನ್ನು ಕರೆದಳೋ ಎಂದು ಅವನು ಬಾಗಿಲ ಕಡೆ ತಿರುಗಿ ನೋಡಿದ.