ಡಿಕ್ಕಿಯ ಮೇಲಿನ ಕ್ಯಾರಿಯರ್

"ಯಾರ್ರೀ ಇದನ್ನ ಹಾಕಿಸಿದ್ದು?"

ಕಾರ್ಯದರ್ಶಿಯ ಕೂಗಿಗೆ ಪೆಟ್ರೋಲ್ ಬಂಕಿನ ಹಿಂದಿನ ಮೈದಾನದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಎರಡೇ ಸೀಟಿನ ಹಳೆಯ ಪುಟ್ಟ ಸ್ಪೋರ್ಟ್ಸ್ ಕಾರುಗಳು ಅಲ್ಲಿ ಸಾಲುಗಟ್ಟಿ ನಿಂತಿದ್ದವು. ಹಲ್ಲಿನ ಡಾಕ್ಟರನ ಕೆಂಪು ಕಾರಿನ ಡಿಕ್ಕಿಯ ಮೇಲೆ ಸ್ಟೀಲ್ ಸರಳುಗಳ ಕ್ಯಾರಿಯರ್ ಕೂತಿತ್ತು. ಅದರ ಮೇಲೆ ಪಟ್ಟಿ ಬಿಗಿದ ಒಂದು ನೀಲಿ ಸೂಟ್‌ಕೇಸ್.

"ನಾನೇ ಹಾಕಿಸಿದ್ದು," ಎಂದ ಡಾಕ್ಟರ್.

ಇವರಿಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಕಾರು ಸಂಘದ ವಾರ್ಷಿಕ ಪ್ರಯಾಣದ ಕೊನೆಯಲ್ಲಿ ಅತಿ ಸುಂದರವಾದ ಕಾರಿಗೆ ಒಂದು ಕಪ್ ಕೊಡುತ್ತಿದ್ದರು. ಅದು ಸದಾ ಕಾರ್ಯದರ್ಶಿಯ ಮನೆಗೇ ಹೋಗುತ್ತಿತ್ತು. ಹೋದ ವರ್ಷ ಡಾಕ್ಟರನ ಮನೆಗೆ ಹೋಯಿತು. ಅಂದಿನಿಂದ ಕಾರ್ಯದರ್ಶಿಗೆ ತಿಂದ ಅನ್ನ ಮೈಗೆ ಹತ್ತಿರಲಿಲ್ಲ. ಆ ಮನುಷ್ಯನನ್ನು ಸಂಘದಿಂದ ಹೊರಗೆ ದಬ್ಬುವುದಕ್ಕೆ ಒಂದು ನೆಪ ಬೇಕಾಗಿತ್ತು. ಆ ನೆಪ ಈಗ ನಾಲ್ಕು ಚಕ್ರದ ಮೇಲೆ ತಾನಾಗಿಯೇ ಬಂದು ನಿಂತಿತ್ತು.

ಕಾರ್ಖಾನೆಯಿಂದ ಬರುವಾಗ ಇಲ್ಲದ್ದು ಕಾರಿನ ಮೈಮೇಲೆ ಇರಕೂಡದು ಎನ್ನುವುದು ಸಂಘದ ನಿಯಮ. ಆ ಕಾರುಗಳ ಡಿಕ್ಕಿಯೋ, ಒಂದು ಕೈಚೀಲ ಇಟ್ಟರೆ ಮುಗಿಯಿತು. ಹಾಗಾಗಿ ನೀರಿನ ಕ್ಯಾನು, ಟೈರು, ಹೆಂಡತಿಯರು, ಅವರ ಗಂಟುಮೂಟೆ ಎಲ್ಲ ಹಿಂದಿನಿಂದ ವ್ಯಾನಿನಲ್ಲಿ ಬರುವುದು ವಾಡಿಕೆ. ಕಾರ್ಯದರ್ಶಿಯ ಪಕ್ಕದ ಸೀಟಿನಲ್ಲಿ ಸ್ಪಾನರುಗಳ ಪೆಟ್ಟಿಗೆ ಪ್ರಯಾಣ ಮಾಡುತ್ತಿತ್ತು, ಅದೂ ಸೀಟ್ ಬೆಲ್ಟ್ ಹಾಕಿಕೊಂಡು. ಅವನ ಹೆಂಡತಿ ಆಗಲೇ ವ್ಯಾನ್ ಹತ್ತಿ ಕಿಟಕಿಯ ಪಕ್ಕ ಕೂತಿದ್ದಳು. ಗಂಡನ ಕೂಗಾಟ ಅವಳಿಗೆ ಹೊಸದಲ್ಲ.

"ಇಂಥ ಕಾರಿನ ಬೆನ್ನಿಗೆ ಏಣಿ ಕಟ್ಟಿದೀರಲ್ಲ, ತಲೆ ನೆಟ್ಟಗಿದೆಯೇನ್ರೀ? ಕ್ಲಾಂಪು ನೋಡಿ, ಪೇಂಟಿಗೆ ಹೇಗೆ ಕಚ್ಚಿಕೊಂಡಿದೆ! ಒಬ್ಬ ಮನುಷ್ಯನಿಗೆ ಆ ಡಿಕ್ಕಿ ಸಾಲದಾ?"

"ಒಬ್ಬನಿಗೆ ಸಾಕು," ಎಂದ ಡಾಕ್ಟರ್.

"ಮತ್ತೆ ಯಾಕ್ರೀ ಇದು? ಮೆರೆಯೋದಕ್ಕಾ?"

ಡಾಕ್ಟರ್ ಸೂಟ್‌ಕೇಸಿನ ಮೇಲಿನ ಧೂಳನ್ನು ಕೈಯಿಂದ ಒರೆಸಿದ. ಅದು ಕಾರ್ಯದರ್ಶಿಯ ಮೈಯನ್ನು ಇನ್ನಷ್ಟು ಉರಿಸಿತು. ಅವನು ಪದಾಧಿಕಾರಿಗಳನ್ನು ಹತ್ತಿರ ಕರೆದ. ಪದಾಧಿಕಾರಿಗಳೆಂದರೆ ಅವನು ಏನು ಹೇಳಿದರೂ ತಲೆಯಾಡಿಸುವ ಮೂವರು.

"ಈ ಮನುಷ್ಯಂದು ಇದೇ ಮೊದಲಲ್ಲ. ಹೋದ ಸಲ ವ್ಯಾನಲ್ಲಿ ಯಾರಿಗೋ ಹಲ್ಲುನೋವು ಅಂತ ಸಾಲು ಬಿಟ್ಟು ಅರ್ಧ ದಿನ ಹಿಂದೆ ಉಳಿದುಬಿಟ್ಟ. ಶಿಸ್ತು ಅನ್ನೋದೇ ಇಲ್ಲ."

ಖಜಾಂಚಿ ಬಾಯಿ ತೆರೆದ, ವ್ಯಾನಿನ ಕಡೆ ಒಮ್ಮೆ ನೋಡಿದ, ಬಾಯಿ ಮುಚ್ಚಿಕೊಂಡ. ಆಮೇಲೆ ಉಳಿದವರ ಜೊತೆ ತಾನೂ ತಲೆಯಾಡಿಸಿದ.

"ಕೇಳಿದಿರಲ್ಲ ಡಾಕ್ಟ್ರೇ? ಈಗಿಂದೀಗಲೇ ಅದನ್ನ ಬಿಚ್ಚಿ. ಇಲ್ಲದಿದ್ರೆ ಸಂಘ ಬಿಡಿ."

"ಇವತ್ತಂತೂ ಬಿಚ್ಚೋದಕ್ಕಾಗಲ್ಲ."

"ಹಾಗಾದ್ರೆ ನಡೀರಿ!"

ಸಾಲಿನಲ್ಲಿ ಗುಸುಗುಸು ಎದ್ದಿತು. ಒಬ್ಬ ಹಿರಿಯ ಸದಸ್ಯ ಮುಂದೆ ಬಂದ. "ಒಂದು ಸೂಟ್‌ಕೇಸಿಗೋಸ್ಕರ ಇಷ್ಟು ರಂಪ ಬೇಕಾ? ಈ ಸಲ ಬಿಟ್ಟುಬಿಡಿ. ಅವರೂ ಬರಲಿ ನಮ್ಮ ಜೊತೆ."

ಕಾರ್ಯದರ್ಶಿ ಸಾಲಿನಲ್ಲಿದ್ದವರ ಮುಖ ನೋಡಿದ. ಕೈಗೆ ಬಂದದ್ದು ಬಾಯಿಗೆ ಬರದೆ ಹೋದರೆ? ಅಷ್ಟರಲ್ಲಿ ವ್ಯಾನಿನ ಕಿಟಕಿಯಿಂದ ಅವನ ಹೆಂಡತಿಯ ದನಿ ಕೇಳಿತು.

"ಹೋಗೋರನ್ನ ಯಾಕೆ ತಡೀತೀರಿ? ಹೋಗಲಿ ಬಿಡಿ."

ಹೆಂಡತಿ ನಾಲ್ಕು ಜನರ ಎದುರು ತನ್ನ ಪರ ಮಾತಾಡಿದ್ದು ಅವನ ನೆನಪಿನಲ್ಲಿ ಇದೇ ಮೊದಲು. ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಕೇಳಿಸ್ತಾ? ಹೆಂಗಸರಿಗೂ ಗೊತ್ತಾಗುತ್ತೆ, ಯಾವುದು ಸರಿ, ಯಾವುದು ತಪ್ಪು ಅಂತ."

ಹಿರಿಯ ಸದಸ್ಯ ಹಿಂದೆ ಸರಿದ. ಡಾಕ್ಟರ್ ತನ್ನ ಕಾರಿನ ಮೇಲಿದ್ದ ಸಂಘದ ಬಿಲ್ಲೆಯನ್ನು ಕಿತ್ತು ಖಜಾಂಚಿಯ ಕೈಗಿಟ್ಟ. ವಾದವಿಲ್ಲ, ಗೋಗರೆತವಿಲ್ಲ. ಇಷ್ಟು ಸಲೀಸಾಗಿ ಶತ್ರು ತೊಲಗಿದ್ದು ಕಾರ್ಯದರ್ಶಿಗೆ ಸ್ವಲ್ಪ ಸಪ್ಪೆಯೆನಿಸಿತು. ಇನ್ನೊಂದಿಷ್ಟು ಅವಮಾನ ಮಾಡದೆ ಅವನನ್ನು ಕಳಿಸಲು ಮನಸ್ಸು ಬರಲಿಲ್ಲ.

ಕಾರಿನ ಹಿಂದೆ ಹೋಗಿ ಸೂಟ್‌ಕೇಸನ್ನು ಹಿಡಿದು ಅಲ್ಲಾಡಿಸಿದ. ಅದು ಗಡಗಡ ಅಲುಗಿತು.

"ಥೂ, ಕಟ್ಟೋದಕ್ಕೂ ಬರಲ್ವಲ್ರೀ ನಿಮಗೆ! ಮೊದಲನೇ ತಿರುವಿನಲ್ಲೇ ಇದು ರಸ್ತೇಲಿ ಬಿದ್ದಿರುತ್ತೆ. ನೋಡಿದವರು ನಮ್ಮ ಸಂಘಕ್ಕೆ ಉಗೀತಾರೆ. ಸರೀರಿ ಆ ಕಡೆ!"

ಅವನು ಪಟ್ಟಿಗಳನ್ನು ಪೂರ್ತಿ ಬಿಚ್ಚಿದ. ಸೂಟ್‌ಕೇಸನ್ನು ಅಡ್ಡ ಮಲಗಿಸಿದ. ಎರಡು ಪಟ್ಟಿಯನ್ನೂ ಸರಳಿನಡಿ ತೂರಿಸಿ, ಕ್ಯಾರಿಯರಿಗೆ ಮಂಡಿ ಕೊಟ್ಟು ಎಳೆದು, ಬಕಲ್ ಹಾಕಿದ. ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಅದನ್ನು ಶತ್ರುಗಳೂ ಒಪ್ಪುತ್ತಿದ್ದರು. ಸಾಲಿನಲ್ಲಿದ್ದ ಪ್ರತಿ ಕಾರಿನ ನಟ್ಟು ಬೋಲ್ಟು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಸೂಟ್‌ಕೇಸಿನ ಹಿಡಿಕೆಗೆ ಗುರುತಿಗೆಂದು ಕಟ್ಟಿದ್ದ ಹಸಿರು ದಾರ ಅಡ್ಡ ಬಂದಾಗ ಅದನ್ನು ಪಕ್ಕಕ್ಕೆ ಸರಿಸಿದ.

"ಈಗ ಬೆಟ್ಟ ಹತ್ತಿ ಇಳಿದರೂ ಅಲ್ಲಾಡಲ್ಲ," ಎಂದು ಕೈ ಕೊಡವಿದ. "ತಗೊಂಡು ಹೋಗ್ರೀ ನಿಮ್ಮ ಸಾಮಾನು. ಮತ್ತೆ ಈ ಕಡೆ ತಲೆ ಹಾಕಬೇಡಿ."

"ಇಲ್ಲ, ಹಾಕಲ್ಲ," ಎಂದ ಡಾಕ್ಟರ್. ಕಾರಿನೊಳಗೆ ಕೂತು ಎಂಜಿನ್ ಶುರು ಮಾಡಿದ. ಆಮೇಲೆ ಒಳಗಿಂದಲೇ ಬಗ್ಗಿ ಪಕ್ಕದ ಬಾಗಿಲನ್ನು ತೆರೆದ.

ವ್ಯಾನಿನಿಂದ ಕಾರ್ಯದರ್ಶಿಯ ಹೆಂಡತಿ ಇಳಿದು ಬಂದಳು. ಪ್ರಯಾಣ ಶುರುಮಾಡುವ ಬಾವುಟ ತಂದಳೇನೋ ಎಂದು ಅವನು ಕೈ ಚಾಚಿದ. ಅವಳ ಕೈಯಲ್ಲಿ ಏನೂ ಇರಲಿಲ್ಲ. ಅವನನ್ನು ದಾಟಿ ಹೋಗಿ, ಕೆಂಪು ಕಾರಿನ ತೆರೆದ ಬಾಗಿಲಿನಿಂದ ಒಳಗೆ ಹೋಗಿ ಕೂತು, ಸೀರೆಯ ಅಂಚನ್ನು ಒಳಗೆಳೆದುಕೊಂಡು, ಬಾಗಿಲು ಹಾಕಿಕೊಂಡಳು. ಆಮೇಲೆ ಕಿಟಕಿಯಿಂದ ಗಂಡನನ್ನು ಕೇಳಿದಳು:

"ಗಟ್ಟಿಯಾಗಿ ಕಟ್ಟಿದೀರಿ ತಾನೇ? ನನ್ನ ಬಟ್ಟೆಯೆಲ್ಲ ಅದರಲ್ಲೇ ಇದೆ."