ಇಬ್ಬರಿಗೂ ಒಂದೇ ಪೆಟ್ಟಿಗೆ

“ಇದನ್ನ ಕೇಳಿ ಸಾರ್, ಎದೆ ನಡುಗುತ್ತೆ!” ಅಂಗಡಿಯವನು ದೊಡ್ಡ ಸ್ಪೀಕರಿನ ಗುಂಡಿ ತಿರುಗಿಸಿದ. ಗಾಜಿನ ಬಾಗಿಲು ಗಡಗಡ ಎಂದಿತು. ತಮ್ಮ ಮೊದಲು ತಲೆಯಾಡಿಸಿ, ಆಮೇಲೆ “ಚೆನ್ನಾಗಿದೆ” ಎಂದ. ಅಕ್ಕನಿಗೆ ಅನುಮಾನ ಬಂದದ್ದು ಅಲ್ಲಿಯೇ. ಚಿಕ್ಕಂದಿನಿಂದಲೂ ಸುಳ್ಳು ಹೇಳುವಾಗ ಅವನ ತಲೆ ಮಾತಿಗಿಂತ ಮುಂದೆ ಓಡುತ್ತದೆ.

ಇಪ್ಪತ್ತೆಂಟು ವರ್ಷ ಅಚ್ಚುಯಂತ್ರದ ಪಕ್ಕ ನಿಂತು ಅವನ ಕಿವಿ ಸೋತಿತ್ತು. ಹಕ್ಕಿಯ ದನಿ, ಬಾಗಿಲ ಕರೆಗಂಟೆ ಎಂದೋ ಹೋಗಿದ್ದವು; ಉಳಿದದ್ದು ತಗ್ಗಿನ ದನಿಗಳು. ಹಾಗಾಗಿ ಭಾನುವಾರ ಇಬ್ಬರೂ ನುಡಿಸಲು ಕೂತರೆ ಅವನ ಸಿಂಥಸೈಜರ್ ಕೆಳಗಿನ ಸ್ವರಗಳಲ್ಲೇ ಓಡಾಡುತ್ತಿತ್ತು, ಅಕ್ಕನ ಬೇಸ್ ಗಿಟಾರಿಗೆ ಭುಜ ತಾಗಿಸಿಕೊಂಡು. ಇಬ್ಬರಿಗೂ ಇದ್ದ ಒಂದೇ ಹಳೆಯ ಸ್ಪೀಕರಿನ ಪರದೆ ಹರಿದುಹೋದ ದಿನ ಅವನು ಹೇಳಿದ್ದ: “ಹೊಸದ್ರಲ್ಲೂ ನಿನ್ನ ದನಿ ಯಾವ್ದು, ನನ್ನ ದನಿ ಯಾವ್ದು ಅಂತ ಗೊತ್ತಾಗ್ಲಿಲ್ಲ ಅಂದ್ರೆ ನಾನು ನುಡಿಸೋದು ಬಿಟ್ಬಿಡ್ತೀನಿ ಅಕ್ಕ.”

“ನಮ್ಮ ವಾದ್ಯಗಳನ್ನೇ ಇದಕ್ಕೆ ಹಾಕಿ ನೋಡೋಣ,” ಎಂದಳು ಅಕ್ಕ. ಇಬ್ಬರೂ ತಾವೇ ಕಟ್ಟಿದ ಹಳೆಯ ರಾಗವನ್ನು ಶುರು ಮಾಡಿದರು. ಅವಳಿಗೆ ಹದಿನೇಳು, ಅವನಿಗೆ ಹದಿನಾಲ್ಕು ಇದ್ದಾಗ ಅಚ್ಚುಕೂಟದ ಹಿಂದಿನ ಕಾಗದದ ಕೋಣೆಯಲ್ಲಿ ಕಟ್ಟಿದ ರಾಗ. ಸುತ್ತಲಿನ ಕಾಗದದ ಕಟ್ಟುಗಳು ಮರುದನಿಯನ್ನೆಲ್ಲ ನುಂಗಿಕೊಳ್ಳುತ್ತಿದ್ದರಿಂದ, ಓದು ಬಲ್ಲವರ ಬಾಯಲ್ಲಿ ಪದ್ಯದ ಪದಗಳು ನಿಲ್ಲುವಂತೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ನಿಲ್ಲುತ್ತಿತ್ತು.

ನಾಲ್ಕನೇ ಸಾಲಿನಲ್ಲಿ ಅಕ್ಕ ಬೇಕೆಂದೇ ಒಂದು ಸ್ವರ ತಪ್ಪು ನುಡಿಸಿದಳು. ತಮ್ಮ ಮುಗುಳ್ನಗುತ್ತಲೇ ಮುಂದೆ ಹೋದ. ಅವಳು ತಂತಿಯಿಂದ ಬೆರಳೆತ್ತಿದಳು.

“ಇದು ಬೇಡ.”

“ಇದಕ್ಕಿಂತ ಸದ್ದು ಬೇಕಾ ಮೇಡಂ?”

“ಸದ್ದು ಯಾರಿಗೆ ಬೇಕಪ್ಪ? ಬೆರಳು ತಂತಿಗೆ ತಾಗಿದ್ದೂ ಕೇಳ್ಬೇಕು, ಆಮೇಲೆ ಬರೋ ಸ್ವರಾನೂ ಕೇಳ್ಬೇಕು.”

ಅಂಗಡಿಯವನು ಮೂಲೆಯಿಂದ ಬೂದುಬಣ್ಣದ ಪೆಟ್ಟಿಗೆಯೊಂದನ್ನು ಒಲ್ಲದ ಮನಸ್ಸಿನಿಂದ ಎಳೆದ. “ಇದು ಫುಲ್ ರೇಂಜ್. ಮೇಲಿಂದ ಕೆಳಗಿನ ತನಕ ಇದ್ದದ್ದನ್ನ ಇದ್ದ ಹಾಗೇ ಹೇಳುತ್ತೆ. ಎದೆ ಗಿದೆ ನಡುಗ್ಸಲ್ಲ.”

“ನಮ್ಮೆದೆ ಬೇಕಾದಷ್ಟು ನಡುಗಿದೆ, ಹಾಕಿ.”

ಮತ್ತೆ ಮೊದಲಿಂದ. ನಾಲ್ಕನೇ ಸಾಲಿನ ತಪ್ಪಿಗೆ ಅಕ್ಕ ಮನಸ್ಸಿನಲ್ಲೇ ಸಿದ್ಧವಾಗುತ್ತಿದ್ದಳು. ಎರಡನೇ ಸಾಲಿಗೇ ತಮ್ಮ ಕೈಯೆತ್ತಿ ನಿಲ್ಲಿಸಿಬಿಟ್ಟ.

“ಯಾಕೋ?” ಎಂದಳು ಅಕ್ಕ.

“ಆ ತಿರುವಲ್ಲಿ ತಾಳ ಎಳೀತೀಯ ನೀನು.”

“ನಾನಾ? ಹೋಗೋ!”

“ನೀನೇ. ಕಾಗದದ ಕೋಣೇಲೂ ಹಾಗೇ ಎಳೀತಿದ್ದೆ. ಯಾರಿಗೂ ಗೊತ್ತಾಗ್ಬಾರ್ದು ಅಂತ ನಾನು ಎಡಗೈಲಿ ಒಂದು ಸ್ವರ ಒತ್ತಿ ಆ ಸಂದು ಮುಚ್ತಿದ್ದೆ.”

ಅಕ್ಕ ತಂತಿಗಳನ್ನೇ ನೋಡಿದಳು. ಆ ತಿರುವು ಚೆನ್ನಾಗಿದೆ ಎಂದು ಎಷ್ಟೊಂದು ಮಂದಿ ಬಂದು ಅವಳ ಕೈ ಕುಲುಕಿದ್ದರು!

“ಕಟ್ಟಿ ಕೊಡ್ಲಾ ಮೇಡಂ?”

“ಕಟ್ಟಿ. ಆದ್ರೆ ಐದು ನಿಮಿಷ ಇರಿ, ಇದನ್ನ ತಿದ್ದಿಕೊಂಡೇ ಹೋಗ್ತೀನಿ.” ಅವಳು ಬೆರಳು ಮಡಚಿ ಬಿಡಿಸಿ ತಂತಿಯ ಮೇಲಿಟ್ಟಳು.

ತಮ್ಮ ಗಾಬರಿಯಾಗಿ ಅವಳ ಕೈ ಹಿಡಿದ. “ಅಯ್ಯೋ, ಬೇಡ ಕಣೇ ಅಕ್ಕ. ಅಷ್ಟು ವರ್ಷದಿಂದ ಅಲ್ಲಿಗೇ ಬರೋದು ಕಲ್ತಿರೋ ನನ್ನ ಎಡಗೈ ಇನ್ನು ಎಲ್ಲಿಗೆ ಹೋಗ್ಬೇಕು?”