ಹೊತ್ತು ಮುಳುಗುವ ಮುನ್ನ

ನನ್ನ ಹೆಂಡತಿ ಪದ್ಮಾಕ್ಷಿ ತೀರಿಕೊಂಡಳೆಂದು ಆಸ್ಪತ್ರೆಯಿಂದ ತಿಳಿದ ಬೆಳಿಗ್ಗೆಯೇ, ಸತ್ತವರ ದನಿ ಎಲ್ಲರ ಮನೆಗೂ ಬರುವಂತೆ, ಅವಳ ದನಿ ಒಂದು ಸಣ್ಣ ಪೆಟ್ಟಿಗೆಯಲ್ಲಿ ಮನೆಗೆ ಬಂತು. ಹೊತ್ತು ಮುಳುಗುವುದರೊಳಗೆ ಅದನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳದಿದ್ದರೆ ಅಳಿದುಹೋಗುತ್ತದೆ. ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶದ ಹಲವು ಬಗೆಗಳಲ್ಲಿ ಯಾವುದರಲ್ಲಿ ಇಳಿಸುವುದೆಂದು ನಾನೂ ಅವಳ ತಮ್ಮ ವಾಮನನೂ ವಾದಕ್ಕೆ ಕೂತೆವು.

“ಡೆಬಿಯನ್ನೇ ಸರಿ. ವರ್ಷಗಟ್ಟಲೆ ಅಲುಗಾಡಲ್ಲ,” ಎಂದೆ.

“ನಿಮ್ಮ ಹಾಗೇ, ಭಾವ! ಅಕ್ಕನಿಗೆ ಮಿಂಟ್ ಹಾಕೋಣ. ನೋಡೋಕೂ ಚೆಂದ.”

“ಚೆಂದ ಕಟ್ಕೊಂಡು ಏನೋ ಮಾಡ್ತೀಯ?”

ವಾದ ಸಂಜೆಯವರೆಗೂ ಬೆಳೆಯಿತು. ಆಗ ಪೆಟ್ಟಿಗೆಯೊಳಗಿಂದ ಪದ್ಮಾಕ್ಷಿ ಅಂದಳು: “ರೀ, ಯಾವುದಾದ್ರೂ ಹಾಕಿ. ಬೆಳಿಗ್ಗೆಯಿಂದ ಕಾಯ್ತಾ ಇದ್ದೀನಿ, ನಿಮ್ಮಿಬ್ಬರಲ್ಲಿ ಒಬ್ಬರೂ ನನ್ನ ಮಾತಾಡಿಸಲಿಲ್ವಲ್ಲ.”

ನಾಚಿಕೆಯಿಂದ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಅವಳನ್ನು ಮಾತಾಡಿಸಬೇಕೆನ್ನುವಷ್ಟರಲ್ಲಿ ಹೊತ್ತು ಮುಳುಗಿತು, ದನಿ ಅಳಿದುಹೋಯಿತು.

ಸ್ವಾಮಿ, ಈ ನಾಚಿಕೆ ನನಗಿರಲಿ. ನಿನ್ನ ಬಳಿ ಬಂದವಳನ್ನು ನೀನಾದರೂ ಮಾತಾಡಿಸು, ಅವಳಿಗೆ ಶಾಂತಿ ಕೊಡು.